ನೌಕರರ ರಾಜ್ಯವಿಮೆ: ಅದರ ಉತ್ಪತ್ತಿಯೂ ಮೇರೆಯೂ

ರೋಗಿಯ ಚಿಕಿತ್ಸೆಯ ವೆಚ್ಚವನ್ನು ಹೊರತಕ್ಕವರು ಯಾರೆಂಬ ಪ್ರಶ್ನೆಗೆ ಭರತಖಂಡದಲ್ಲಿ ಎರಡು ವರ್ಷಗಳ ಅಂತರದಲ್ಲಿ ಎರಡು ಭಿನ್ನವಾದ ಉತ್ತರಗಳು ಹೊರಟವು. ಮೊದಲನೆಯದು ಬಿ. ಪಿ. ಅಡಾರ್ಕರ್ ಅವರದು. ಬಟ್ಟೆ, ಯಂತ್ರನಿರ್ಮಾಣ, ಖನಿಜಲೋಹಗಳೆಂಬ ಮೂರು ಉದ್ಯಮಗಳ ಕಾರ್ಮಿಕರಿಗೆ ಕಡ್ಡಾಯವಾದ ವಿಮೆಯನ್ನು ವಂತಿಗೆಯ ಆಧಾರದಿಂದ ಏರ್ಪಡಿಸಬೇಕೆಂದು ಅವರು 1944ರಲ್ಲಿ ವರದಿಮಾಡಿದರು. ಎರಡನೆಯದು ಸರ್ ಜೋಸೆಫ್ ಭೋರ್ ಅವರ ಸಮಿತಿಯದು. ಹಣವಿಲ್ಲವೆಂಬ ಕಾರಣದಿಂದ ಯಾರೊಬ್ಬರೂ ತಕ್ಕ ಚಿಕಿತ್ಸೆಗೆ ಎರವಾಗಬಾರದೆಂಬುದೇ 1946ರ ಆ ವರದಿಯ ತಳಹದಿ. 40,000 ಜನಕ್ಕೊಂದರಂತೆ ಆರೋಗ್ಯಕೇಂದ್ರಗಳನ್ನು ಸ್ಥಾಪಿಸುವುದು ಅದರ ಮೊದಲ ಹಂತದ ಕ್ರಮವಾಗಿತ್ತು.

ಕಾಯಿದೆಯ ರೂಪವನ್ನು ಪಡೆದದ್ದು ಅಡಾರ್ಕರರ ಮಾರ್ಗವೇ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸ್ಟ್ಯಾಕ್ ಮತ್ತು ರಾವ್ ಎಂಬ ಪರಿಣತರು 1945ರಲ್ಲಿ ಅದನ್ನು ಪರಿಶೀಲಿಸಿ, ವರ್ಷವಿಡೀ ನಡೆಯುವ ಎಲ್ಲ ಕಾರ್ಖಾನೆಗಳಿಗೂ ವಿಸ್ತರಿಸಬೇಕೆಂದೂ, ಹೆರಿಗೆಯ ಭತ್ಯ ಮತ್ತು ಅಪಘಾತದ ಪರಿಹಾರಗಳನ್ನು ಅದರಲ್ಲಿಯೇ ಕೂಡಿಸಬೇಕೆಂದೂ ಸೂಚಿಸಿದರು. 1948ರ ಕಾಯಿದೆಯು ಯಂತ್ರಶಕ್ತಿಯನ್ನು ಬಳಸುವ, 20 ಮಂದಿಗೆ ಕಡಮೆಯಿಲ್ಲದೆ ದುಡಿಯುವ ಕಾರ್ಖಾನೆಗಳಲ್ಲಿ, ತಿಂಗಳಿಗೆ 400 ರೂಪಾಯಿ ಮೀರದ ಸಂಬಳದವರಿಗೆ ಅನ್ವಯಿಸಿತು.

ಹೀಗಿದ್ದರೂ ನಾಲ್ಕು ವರ್ಷಗಳವರೆಗೆ ಒಬ್ಬ ರೋಗಿಗೂ ಔಷಧವು ದೊರೆಯಲಿಲ್ಲ. ವಿಮೆಯನ್ನು ಕೆಲವೇ ಊರುಗಳಲ್ಲಿ ಆರಂಭಿಸಬೇಕಾಗಿದ್ದುದರಿಂದ, ವಂತಿಗೆಯ ಹೊರೆ ತಮ್ಮೊಬ್ಬರ ಮೇಲೆಯೇ ಬಿದ್ದು, ಬೇರೆ ಊರುಗಳ ಪ್ರತಿಸ್ಪರ್ಧಿಗಳು ಅಗ್ಗವಾಗಿ ಮಾರುವರೆಂಬುದು ಆ ಊರುಗಳ ಮಾಲೀಕರ ಆಕ್ಷೇಪವಾಗಿತ್ತು. ತತ್ಪರಿಹಾರಾರ್ಥವಾಗಿ 1951ರಲ್ಲಿ ಕಾಯಿದೆಯನ್ನು ತಿದ್ದಿ, ದೇಶದ ಸಮಸ್ತ ಕಾರ್ಖಾನೆಗಳ ಮಾಲೀಕರಿಗೂ ವಿಶೇಷ ವಂತಿಗೆಯನ್ನು ವಿಧಿಸಲಾಯಿತು. ವಿಮೆಯು ನಡೆಯುವ ಕಡೆ ದರ ಹೆಚ್ಚು, ಉಳಿದೆಡೆ ಕಡಮೆ. ಚಿಕಿತ್ಸಾಲಯವಿನ್ನೂ ತೆರೆಯದ ಊರಿನ ಮಾಲೀಕನೂ ಹೀಗೆ ಹಣ ತೆತ್ತನು. ರೋಗಿಯ ಅಗತ್ಯಕ್ಕಿಂತ ವರ್ತಕರ ಸರಿಸಾಟಿಯೇ ಮೊದಲು ಇತ್ಯರ್ಥವಾಗಬೇಕಾದದ್ದು ಶೋಚನೀಯವಾದರೂ, ಈ ಉಪಾಯವಿಲ್ಲದಿದ್ದರೆ ಕಾಯಿದೆಯು ಕಾಗದದಲ್ಲಿಯೇ ಉಳಿಯುತ್ತಿತ್ತೆಂಬುದನ್ನು ಒಪ್ಪಬೇಕು. 1952ನೆಯ ಫೆಬ್ರವರಿ 24ರಂದು ಕಾನ್ಪುರದಲ್ಲಿ ಜವಾಹರಲಾಲ ನೆಹರೂ ಅವರು ವಿಮೆಯನ್ನು ಉದ್ಘಾಟಿಸಿದರು. ದೆಹಲಿಯಲ್ಲಿಯೂ ಅದು ಆರಂಭವಾಯಿತು. ವಿಮೆಗೊಳಪಟ್ಟವನ ಹೆಂಡತಿ ಮಕ್ಕಳಿಗೆ ಮೊದಮೊದಲು ಚಿಕಿತ್ಸೆಯಿರಲಿಲ್ಲ.

ಯೋಗಕ್ಷೇಮವೆಂಬ ಶಬ್ದಕ್ಕೆ ವ್ಯಾಖ್ಯಾನಕಾರರು, ದೊರೆಯದುದರ ಪ್ರಾಪ್ತಿಯು ಯೋಗ, ದೊರೆತುದರ ಪಾಲನೆಯು ಕ್ಷೇಮ ಎಂದು ಅರ್ಥಹೇಳುವರು. ಈ ಕಾಯಿದೆಯು ವಹಿಸಿದ್ದು ಕ್ಷೇಮವನ್ನು ಮಾತ್ರ. ನಿಯತವಾದ ಸಂಬಳವುಳ್ಳವನನ್ನು ಅದು ರೋಗಕಾಲದಲ್ಲಿ ಕಾಯ್ದಿತು; ಸಂಬಳದ ಪುಸ್ತಕದಲ್ಲಿ ಹೆಸರೇ ಇಲ್ಲದ ಹೊಲದ ಕೂಲಿಗಾರನಿಗೆ ವಂತಿಗೆ ತೆರುವ ಅರ್ಹತೆಯೂ ಉಂಟಾಗಲಿಲ್ಲ. ಬಹುಕಾಲದ ಮೇಲೆ, 2003ರಲ್ಲಿ, ಕರ್ಣಾಟಕದಲ್ಲಿ ಯಶಸ್ವಿನಿ ಎಂಬ ಯೋಜನೆಯು ವರ್ಷಕ್ಕೆ 60 ರೂಪಾಯಿ ವಂತಿಗೆಯ ಮೇಲೆ ರೈತರಿಗೆ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಂಡಿತು. ಅಲ್ಲಿ ಪ್ರವೇಶವಿದ್ದದ್ದು ಸಹಕಾರ ಸಂಘದ ಸದಸ್ಯರಿಗೂ ಅವರ ಮನೆಯವರಿಗೂ.