ಕೂಡಲಸಂಗಮ: ಎರಡು ನದಿ, ಎರಡು ದಡ

ಹರಿಹರ ಕವಿಯ ಬಸವರಾಜದೇವರ ರಗಳೆಯಲ್ಲಿ ಕಪ್ಪಡಿಸಂಗಮವೆಂದು ಕರೆಯಲ್ಪಟ್ಟ ಸ್ಥಳವೇ ಇಂದಿನ ಕೂಡಲಸಂಗಮ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಪಟ್ಟದಕಲ್ಲು ಐಹೊಳೆಗಳ ಮಗ್ಗುಲಲ್ಲಿ ಹರಿದು ಬಂದ ಮಲಪ್ರಭೆಯು ಕೃಷ್ಣೆಯನ್ನು ಸೇರುವುದು ಇಲ್ಲಿಯೇ. ಹೊಸಪೇಟೆ–ವಿಜಯಪುರ ಹೆದ್ದಾರಿಯಿಂದ ಒಳಗೆ ಹೊರಳಿದರೆ ಊರು ದೂರವಿಲ್ಲ. ಬೆಳಿಗ್ಗೆ ಬಂದ ಯಾತ್ರಿಕನು ಸಂಜೆಯವರೆಗೆ ಅವಸರವಿಲ್ಲದೆ ಇದ್ದು ನೋಡಬೇಕಾದ ಕ್ಷೇತ್ರವಿದು. ತುಂಗೆ ಭದ್ರೆಯರು ಕೂಡುವ ಶಿವಮೊಗ್ಗ ಜಿಲ್ಲೆಯ ಕೂಡಲಿಯೇ ಬೇರೆ, ಇದೇ ಬೇರೆ. ಹೆಸರಿನ ಹೋಲಿಕೆಯಿಂದ ಗೊಂದಲಕ್ಕೆ ಒಳಗಾಗುವವರು ಇಂದಿಗೂ ಉಂಟು.

ಮೊದಲ ದರ್ಶನ ಸಂಗಮನಾಥನದು. ಚಾಲುಕ್ಯ ಶೈಲಿಯ ಈ ದೇವಾಲಯದಲ್ಲಿ, ಜನಿವಾರವನ್ನು ತೊರೆದು ಬಂದ ಬಾಲಕ ಬಸವಣ್ಣನಿಗೆ ಈಶಾನ್ಯ ಗುರುಗಳ ಆಶ್ರಯ ದೊರೆಯಿತೆಂದು ಹರಿಹರನು ವರ್ಣಿಸುತ್ತಾನೆ. ಪೂಜೆಗೆ ಹೂವು ನೀರು ತರುತ್ತಾ ಬಸವಣ್ಣನು ಇದೇ ಹೊಳೆಯ ದಂಡೆಯಲ್ಲಿ ಓಡಾಡಿದನು. ಮುಂದೆ ಬಿಜ್ಜಳನ ಭಂಡಾರಿಯಾಗಿ ಕಲ್ಯಾಣದಲ್ಲಿದ್ದಾಗಲೂ ವಚನದ ಅಂಕಿತವಾಗಿ ಉಳಿದದ್ದು ಈ ಊರಿನ ದೇವನ ಹೆಸರೇ. ದೇಹವನ್ನೇ ದೇಗುಲವೆಂದು ಬಗೆದ ಶರಣನ ಪ್ರತಿ ವಚನದ ಕೊನೆಯಲ್ಲಿ ಒಂದು ಊರಿನ ನೆನಪು ನಿಂತಿರುವುದು ಸಣ್ಣ ಸಂಗತಿಯೇನಲ್ಲ.

ದೇವಾಲಯದಿಂದ ಹೊಳೆಯ ಕಡೆಗೆ ನಡೆದರೆ ಕಾಣುವುದು 20ನೆಯ ಶತಮಾನದ ಇತಿಹಾಸ. ಕೆಳಪಾತ್ರದಲ್ಲಿ, ನಾರಾಯಣಪುರದಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡಿತು. ಜಲಾಶಯಕ್ಕೆ ಬಸವಸಾಗರವೆಂದೇ ಹೆಸರು. ಮೇಲ್ಪಾತ್ರದಲ್ಲಿ ಆಲಮಟ್ಟಿ, ಅಲ್ಲಿ 1964ರಲ್ಲಿ ಶಂಕುಸ್ಥಾಪನೆ ಮಾಡಿದವರು ಲಾಲ್ ಬಹಾದೂರ್ ಶಾಸ್ತ್ರಿಯವರು. ಬಸವಣ್ಣನ ಹೆಸರು ಹೊತ್ತ ನೀರೇ ಬಸವಣ್ಣನ ಐಕ್ಯಸ್ಥಳದತ್ತ ಏರಿ ಬಂದಿತು! ಇಂತಹ ಸಂದರ್ಭದಲ್ಲಿ ಗುಡಿಯನ್ನೇ ಬಿಚ್ಚಿ ಬೇರೆಡೆ ಕಟ್ಟುವುದೊಂದು ಮಾರ್ಗ. ಶ್ರೀಶೈಲಂ ಜಲಾಶಯದಲ್ಲಿ ಮುಳುಗಬೇಕಿದ್ದ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವನ್ನು ಹಾಗೆಯೇ ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮರಳಿ ಕಟ್ಟಲಾಯಿತು. ಆದರೆ ಐಕ್ಯಸ್ಥಳವೆಂಬುದು ಕಲ್ಲಿನ ಜೋಡಣೆಯಲ್ಲ, ಅದು ಆ ನೆಲವೇ. ನೆಲವನ್ನು ಹೊತ್ತೊಯ್ಯುವುದು ಹೇಗೆ? ಅದರಿಂದ ಇಲ್ಲಿ ಸ್ಥಳವನ್ನು ಕದಲಿಸದೆ, ಸುತ್ತಲೂ ಬಾವಿಯಂತೆ ಎತ್ತರದ ಗೋಡೆಯನ್ನು ಎಬ್ಬಿಸಿ ನೀರನ್ನು ಹೊರಗೆ ತಡೆಯಲಾಯಿತು.

ದಡದಿಂದ ಸೇತುವೆಯ ಮೇಲೆ ನಡೆದು, ಗೋಡೆಯೊಳಗಿನ ಮೆಟ್ಟಿಲುಗಳನ್ನು ಇಳಿಯುತ್ತಾ ಹೋದಂತೆ ಬೆಳಕು ಕಡಿಮೆಯಾಗಿ ತಂಪು ಹೆಚ್ಚುತ್ತದೆ. ಹಿನ್ನೀರು ತುಂಬಿದ ದಿನಗಳಲ್ಲಿ ಬಂದವನು ನದಿಯ ಮಟ್ಟಕ್ಕಿಂತ ಕೆಳಗೆ ನಿಂತು ಐಕ್ಯಲಿಂಗದ ದರ್ಶನ ಪಡೆಯುತ್ತಾನೆ. ಚೈತ್ರ ವೈಶಾಖಗಳಲ್ಲಿ ನೀರು ಇಳಿದಾಗ ಈ ಅನುಭವ ಅಷ್ಟು ಗಾಢವಾಗದು. ಮಳೆಗಾಲ ಕಳೆದ ಮೇಲೆ ಬರುವುದೇ ಲೇಸು.

ಮಧ್ಯಾಹ್ನದ ಪ್ರಸಾದವಾದ ಮೇಲೆ ಹೊತ್ತು ಉಳಿದಿರುತ್ತದೆ. ಬಹುಪಾಲು ಯಾತ್ರಿಕರು ಇಲ್ಲಿಂದಲೇ ಹಿಂದಿರುಗುವುದು ಖೇದದ ಸಂಗತಿ. ಏಕೆಂದರೆ ಕೃಷ್ಣೆಯ ಆಚೆ ದಡದಲ್ಲಿ, ಮುದ್ದೇಬಿಹಾಳ ತಾಲೂಕಿನ ತಂಗಡಗಿಯಲ್ಲಿ, ಶರಣೆ ನೀಲಮ್ಮನವರ ಐಕ್ಯಸ್ಥಳವಿದೆ. ಕಲ್ಯಾಣದ ಕ್ರಾಂತಿಯ ನಂತರ ಸಂಗಮದಲ್ಲಿದ್ದ ಬಸವಣ್ಣನವರು ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರೆಂದೂ, ಆಕೆ ತಂಗಡಗಿಯವರೆಗೆ ಬಂದು, ಅಲ್ಲಿರುವ ಸಂಗಯ್ಯನು ಇಲ್ಲಿಲ್ಲವೇ ಎಂಬ ಅರಿವಿನಿಂದ ಹೊಳೆಯನ್ನು ದಾಟದೆ ಕರಸ್ಥಲದ ಲಿಂಗದಲ್ಲೇ ಒಂದಾದರೆಂದೂ ಪರಂಪರೆ ಹೇಳುತ್ತದೆ. ನೀಲಮ್ಮನವರ ವಚನಗಳ ಅಂಕಿತವೂ ಸಂಗಯ್ಯನೇ. ಪತಿಯ ಐಕ್ಯಸ್ಥಳದ ಮುಂದೆ ಕೈಮುಗಿದವರು ಸತಿಯ ಸ್ಥಳವನ್ನು ಕಾಣದೆ ಮರಳಿದರೆ ಯಾತ್ರೆ ಅರ್ಧಕ್ಕೆ ನಿಂತಂತೆಯೇ ಸರಿ. ಆಕೆ ದಾಟದೆ ಉಳಿದ ನದಿಗೆ ಈಗ ಸೇತುವೆಯಿದೆ. ಹೊತ್ತು ಮುಳುಗುವುದರೊಳಗೆ ಆಚೆ ದಡವನ್ನು ಮುಟ್ಟಬಹುದು.