ಬೆಂಗಳೂರು ಪದ್ಧತಿಯ ಎರಡನೇ ಪದರ



ಆರು ತಿಂಗಳಿಂದ ಭಾನುವಾರ ಬೆಳಗ್ಗೆ ನಮ್ಮ ಬಡಾವಣೆ ಪಾರ್ಕಿನ ಗೊಬ್ಬರದ ತೊಟ್ಟಿ ಹತ್ರ ಹೋಗ್ತಿದ್ದೀನಿ. ಮನೆಗಳ ಹಸಿಕಸ, ಪಾರ್ಕಿನ ತರಗೆಲೆ ಒಂದರ ಮೇಲೊಂದು ಹಾಕೋದು, ವಾರಕ್ಕೊಮ್ಮೆ ತಿರುವೋದು. ಸಂಬಳ ಇಲ್ಲ. ನಮ್ಮವ್ವನಿಗೆ ಇದು ಸುತರಾಂ ಇಷ್ಟ ಇಲ್ಲ. "ಇದನ್ನ ಬಿಡಿಸೋಕೇ ಅಲ್ವೇನಪ್ಪ ನಿನ್ನ ಬಿಎ ಓದಿಸಿದ್ದು?" ಅಂತಾಳೆ. ಅವಳಿಗೆ ಉತ್ತರ ಹುಡುಕ್ತಾ ಹೋದಾಗ ಸಿಕ್ಕ ಚರಿತ್ರೆ ಇದು.

ಕೃಷಿ ಪಠ್ಯಗಳ ಕಾಂಪೋಸ್ಟ್ ಪಾಠದಲ್ಲಿ ಎರಡು ಊರಿನ ಹೆಸರು ಬರುತ್ತೆ. ಇಂದೋರ್ ಪದ್ಧತಿ ಆಲ್ಬರ್ಟ್ ಹೋವರ್ಡ್ ಅವರದು. ಬೆಂಗಳೂರು ಪದ್ಧತಿ 1939ರಲ್ಲಿ ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ರೂಪಿಸಿದ್ದು. ಗುಂಡಿಯಲ್ಲಿ ಊರ ಕಸ ಒಂದು ಪದರ, ಅದರ ಮೇಲೆ ಮನುಷ್ಯರ ಮಲ ಒಂದು ಪದರ. ಹಾಗೇ ತುಂಬುತ್ತಾ ಹೋಗಿ ಮಣ್ಣು ಮುಚ್ಚಿದರೆ ಆರೆಂಟು ತಿಂಗಳಿಗೆ ಗೊಬ್ಬರ. ಇಂದೋರಿನ ಥರ ಮಧ್ಯೆ ತಿರುವುವ ಕೆಲಸ ಇಲ್ಲ, ಶ್ರಮ ಕಮ್ಮಿ ಅಂತ ಹೊಗಳ್ತಾರೆ.

ಯಾರ ಶ್ರಮ? ಒಣ ಕಕ್ಕಸುಗಳ ಕಾಲ ಅದು. ಆ ಎರಡನೇ ಪದರ ತಾನಾಗಿ ನಡ್ಕೊಂಡು ಗುಂಡಿಗೆ ಬರಲಿಲ್ಲ. ಹಿತ್ತಿಲ ಸಂದಿಗಳಿಂದ ಅದನ್ನ ಬಳಿದು, ಎತ್ತಿ, ಹೊತ್ತವರು ನಮ್ಮ ಜನ. ಪದರದ ದಪ್ಪಕ್ಕೆ ಇಂಚಿನ ಲೆಕ್ಕ ಕೊಡೋ ಪುಟಗಳಲ್ಲಿ ಹೊತ್ತವರ ಬಗ್ಗೆ ಒಂದು ಸಾಲು ನನಗೆ ಸಿಗಲಿಲ್ಲ. ಆಚಾರ್ಯರ ಮೇಲೆ ಸಿಟ್ಟಿಲ್ಲ, ಅವರ ವಿಜ್ಞಾನ ಸರಿಯಾಗೇ ಇದೆ. ತಲೆ ಮೇಲಿನ ಡಬ್ಬ ಇಳಿಸೋಕೆ ಮಾತ್ರ ವಿಜ್ಞಾನ ಸಾಲಲಿಲ್ಲ. ದೇವರಾಜ ಅರಸು ಸಂಪುಟದ ಪೌರಾಡಳಿತ ಮಂತ್ರಿ ಬಿ. ಬಸವಲಿಂಗಪ್ಪನವರು ಬಂದು ಮಲ ಹೊರೋದನ್ನ ನಿಷೇಧಿಸಬೇಕಾಯ್ತು. (ಬೂಸಾ ಗಲಾಟೆ ನೆನೆಯೋ ನಾವೂ ಇದನ್ನ ಅಷ್ಟಾಗಿ ನೆನೆಯಲ್ಲ.) ದೇಶಕ್ಕೆ ಕಾನೂನು ಬಂದಿದ್ದು 1993ರಲ್ಲಿ. ಅದು ಸಾಲದೆ 2013ರಲ್ಲಿ ಇನ್ನೊಂದು.

ಹಸಿಕಸ, ಒಣಕಸ ಮನೆಯಲ್ಲೇ ಬೇರೆ ಮಾಡಬೇಕು ಅಂತ 2016ರ ನಿಯಮ ಹೇಳಿತ್ತು. ಮನೆಯವರು ಮಾಡದಿದ್ದರೆ ಪೌರಕಾರ್ಮಿಕರ ಕೈ ಮಾಡುತ್ತೆ. ಆ ಕೈ ಯಾವ ಕೇರಿಯದು ಅಂತ ನಿಮಗೆ ಹೇಳಬೇಕಿಲ್ಲ. ನಾನು ಪಾರ್ಕಿಗೆ ಹೋಗೋದು ಇದಕ್ಕೇ.

ಹೋದ ವಾರ ಒಬ್ಬರ ಬಕೆಟ್‌ನಲ್ಲಿ ಮಗುವಿನ ಡೈಪರ್ ಸಿಕ್ತು. ಗ್ಲೌಸ್ ಹಾಕಿದ್ದ ಎಂಟು ಜನ ಸ್ವಯಂಸೇವಕರೂ ತಿರುಗಿ ನೋಡಿದ್ದು ರಸ್ತೆ ಗುಡಿಸ್ತಿದ್ದ ಅಮ್ಮನ ಕಡೆಗೆ. "ಬಕೆಟ್ ತಂದೋರೇ ತೆಗೀಲಿ ಸಾರ್" ಅಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವರೇ ತೆಗೆದರು.

ಮನೆಗೆ ಬಂದು ಅವ್ವನಿಗೆ ಹೇಳಿದೆ. "ಅವರೇ ತೆಗೆದ್ರಾ?" ಅಂತ ಎರಡು ಸಲ ಕೇಳಿದಳು.