ಶೋಕದ ಹದಿಮೂರು ದಿನಗಳು

1948ರ ಜನವರಿ 30ರ ಸಂಜೆ ದೆಹಲಿಯ ಬಿರ್ಲಾ ಭವನದಲ್ಲಿ ಪ್ರಾರ್ಥನಾಸಭೆಗೆ ನಡೆದುಹೋಗುತ್ತಿದ್ದ ಮಹಾತ್ಮಾ ಗಾಂಧಿಯವರು ಗುಂಡಿಗೆ ಬಲಿಯಾದರು. ವಾರ್ತೆ ಕಿವಿಗೆ ಬಿದ್ದಾಗ ದುಃಖಕ್ಕಿಂತ ಮೊದಲು ಹಲವರನ್ನು ಆವರಿಸಿದ್ದು ಭಯ. ದೇಶವಿಭಜನೆಯ ಗಾಯಗಳು ಇನ್ನೂ ಹಸಿಯಾಗಿದ್ದವು. ಕೊಂದವನು ಮುಸಲ್ಮಾನನೆಂಬ ಒಂದು ಗಾಳಿಮಾತು ಹಬ್ಬಿದ್ದರೂ ಊರೂರುಗಳು ಹೊತ್ತಿ ಉರಿಯುತ್ತಿದ್ದವು. ಇದನ್ನರಿತೇ ಆಲ್ ಇಂಡಿಯಾ ರೇಡಿಯೋ ಮರಣವಾರ್ತೆಯ ಜೊತೆಯಲ್ಲಿಯೇ ಹಂತಕನು ಹಿಂದೂ ಎಂಬುದನ್ನು ಸಾರಿತು. ಆ ಒಂದು ವಾಕ್ಯದಿಂದ ಉಳಿದ ಪ್ರಾಣಗಳಿಗೆ ಲೆಕ್ಕವಿಟ್ಟವರಿಲ್ಲ. ಅದೇ ರಾತ್ರಿ ನೆಹರೂ ಅವರೂ ಸರ್ದಾರ್ ಪಟೇಲರೂ ರೇಡಿಯೋದಲ್ಲಿ ಮಾತನಾಡಿ ಜನತೆಯನ್ನು ಸಂತೈಸಿದರು.

ಮರುದಿನ ಯಮುನಾತೀರಕ್ಕೆ ಹೊರಟ ಅಂತಿಮಯಾತ್ರೆಗೆ ಸುಮಾರು ಐದು ಮೈಲಿ ಸಾಗಲು ಐದು ಗಂಟೆಗಳಷ್ಟು ಹಿಡಿಯಿತು. ದಾರಿಯ ಎರಡೂ ಬದಿಗಳಲ್ಲಿ, ಮರಗಳ ಮೇಲೆ, ಮಾಳಿಗೆಗಳ ಮೇಲೆ ಲಕ್ಷಾಂತರ ಜನ. ಪಾರ್ಥಿವ ಶರೀರವನ್ನಿರಿಸಿದ್ದುದು ಸೇನೆಯ ವಾಹನದ ಮೇಲೆ. ಅದರ ಯಂತ್ರವನ್ನು ಚಾಲೂ ಮಾಡದೆ, ಮೂರೂ ಪಡೆಗಳ ಇನ್ನೂರರಷ್ಟು ಸಿಬ್ಬಂದಿ ಹಗ್ಗ ಹಿಡಿದು ಎಳೆದರು. ಅಹಿಂಸೆಯನ್ನು ಉಸಿರಾಗಿಸಿಕೊಂಡವರಿಗೆ ಆಯುಧ ಸಾಗಿಸುವ ವಾಹನವೇ ಎಂದು ಆಕ್ಷೇಪಿಸಿದವರುಂಟು. ಆಕ್ಷೇಪವೇನೋ ನ್ಯಾಯವಾದುದೇ. ಆದರೂ ಯಂತ್ರ ಮೌನವಾಗಿ, ಯೋಧನ ಕೈ ಹಗ್ಗ ಹಿಡಿದ ಆ ದೃಶ್ಯದಲ್ಲಿ ಒಂದು ಬಗೆಯ ವಿನಯವೂ ಇತ್ತೆಂಬುದನ್ನು ಮರೆಯಲಾಗದು. ಮಗ ರಾಮದಾಸರು ಚಿತೆಗೆ ಅಗ್ನಿಸ್ಪರ್ಶ ಮಾಡಿದರು.

ಆದರೆ ಅದೇ ದಿನಗಳಲ್ಲಿ ಪುಣೆ, ಸಾತಾರಾ, ಸಾಂಗಲಿ, ಕೊಲ್ಲಾಪುರಗಳ ಕಡೆ ಶೋಕವು ಬೇರೊಂದು ದಾರಿ ಹಿಡಿಯಿತು. ಹಂತಕನ ಜಾತಿಯವರೆಂಬ ಒಂದೇ ಕಾರಣಕ್ಕೆ ಬ್ರಾಹ್ಮಣರ ಮನೆ, ಅಂಗಡಿಗಳಿಗೆ ಬೆಂಕಿಯಿಟ್ಟರು; ಜೀವಗಳೂ ಹೋದವು. ಕೊಲ್ಲಾಪುರದ ಜಯಪ್ರಭಾ ಚಿತ್ರಶಾಲೆ ಸುಟ್ಟುಹೋಯಿತು. ಮುಂಬಯಿಯಲ್ಲಿ ಡಾ. ನಾರಾಯಣರಾವ್ ಸಾವರ್ಕರರು ಕಲ್ಲೇಟಿಗೆ ತುತ್ತಾಗಿ, 1949ರಲ್ಲಿ ತೀರಿಕೊಂಡರು. ರೇಡಿಯೋದ ಎಚ್ಚರಿಕೆ ಒಂದು ಸಮುದಾಯವನ್ನು ಕಾಪಾಡಿತು. ಇನ್ನೊಂದರ ಮೇಲೆ ಸಿಟ್ಟು ಹೊರಳಿದುದನ್ನು ತಡೆಯಲಾರದೆ ಹೋಯಿತು. ಜೈನಶಾಸ್ತ್ರವು ಶೋಕವನ್ನು ನೋಕಷಾಯಗಳಲ್ಲಿಯೂ ಕ್ರೋಧವನ್ನು ಕಷಾಯಗಳಲ್ಲಿಯೂ ಎಣಿಸುತ್ತದೆ. ಎರಡರ ನಡುವಿನ ಗೆರೆ ಎಷ್ಟು ತೆಳುವೆಂಬುದು ಆ ವಾರ ತಿಳಿಯಿತು. ಹರತಾಳದ ದಿನ ಅಂಗಡಿಗೆ ಬೀಗ ಹಾಕುವುದು ಸುಲಭ, ಪಕ್ಕದ ಅಂಗಡಿಗೆ ಕಾವಲು ನಿಲ್ಲುವುದು ಹಾಗಲ್ಲ.

ಹದಿಮೂರು ದಿನಗಳ ಶೋಕಾಚರಣೆ ಮುಗಿಯುವ ಹೊತ್ತಿಗೆ ಅಸ್ಥಿಯನ್ನು ದೆಹಲಿಯಿಂದ ಪ್ರಯಾಗಕ್ಕೆ ವಿಶೇಷ ರೈಲಿನ ಮೂರನೆಯ ದರ್ಜೆಯ ಡಬ್ಬಿಯಲ್ಲಿಯೇ ಒಯ್ದರು. ಫೆಬ್ರವರಿ 12ರಂದು ತ್ರಿವೇಣಿಸಂಗಮದಲ್ಲಿ ವಿಸರ್ಜನೆಯಾಯಿತು. ದೇಶದ ಇತರ ನದಿಗಳಿಗೂ ಅಸ್ಥಿಯ ಪಾಲು ಸಂದಿತು. ಕನ್ನಡನಾಡಿನಲ್ಲಿ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಕಾವೇರಿ ಅದನ್ನು ಒಡಲಿಗೆ ಸೇರಿಸಿಕೊಂಡಳು.

ಹತ್ಯೆಗೆ ಹತ್ತು ದಿನ ಮುಂಚೆ, ಜನವರಿ 20ರಂದು, ಅದೇ ಬಿರ್ಲಾ ಭವನದಲ್ಲಿ ಬಾಂಬು ಸಿಡಿದಿತ್ತು. ಸಿಡಿಸಿದ ತರುಣನನ್ನು ದ್ವೇಷಿಸಬೇಡಿರೆಂದು ಗಾಂಧೀಜಿ ಮರುದಿನವೇ ಹೇಳಿದ್ದರು. ಆ ಮಾತನ್ನು ಮನೆಯವರು ಮರೆಯಲಿಲ್ಲ. ನಾಥೂರಾಮ ಗೋಡ್ಸೆಗೆ ಮರಣದಂಡನೆಯಾದಾಗ ಪುತ್ರರಾದ ಮಣಿಲಾಲ್ ಮತ್ತು ರಾಮದಾಸರು ಅವನ ಪ್ರಾಣವುಳಿಸಬೇಕೆಂದು ಕೋರಿದರು. ಸರಕಾರ ಒಪ್ಪಲಿಲ್ಲ. 1949ರ ನವೆಂಬರ್ 15ರಂದು ಅಂಬಾಲಾ ಸೆರೆಮನೆಯಲ್ಲಿ ಗಲ್ಲು ಜಾರಿಯಾಯಿತು.